ಸುರಿನಾಮಿಗಿರುವ ಮೆಟ್ಟಿಲು ಕಲಬುರಗಿಗೆ ಏಕಿಲ್ಲ?

2012ರ ಲಂಡನ್ ಒಲಿಂಪಿಕ್ಸ್ ಎಂದರೆ ಷಟಲ್ ಆಡುವವರಿಗೆ ಲಿನ್ ಡಾನ್ ಮತ್ತು ಲೀ ಚೊಂಗ್ ವೇ ಸೆಣಸಿದ ಫೈನಲ್ ನೆನಪಾಗುತ್ತದೆ. ನಮ್ಮವರಿಗೆ ಸೈನಾ ನೆಹ್ವಾಲ್ ತಂದ ಕಂಚು. ಅದೇ ಕೂಟದ ಪುರುಷರ ಸಿಂಗಲ್ಸ್ ಪಟ್ಟಿಯಲ್ಲಿ ಸುರಿನಾಮ್ ದೇಶದ ವರ್ಜಿಲ್ ಸೂರೊರೆಜೊ ಕೂಡ ಇದ್ದರು. ಅದು ಯಾರ ಗಮನಕ್ಕೂ ಬಂದಿರಲಿಕ್ಕಿಲ್ಲ. ಅವರು ಗುಂಪಿನ ಹಂತ ದಾಟಲಿಲ್ಲ. ಅವರಿಗಿಂತ ಮೊದಲು 1996ರಲ್ಲಿ ಅಟ್ಲಾಂಟಕ್ಕೆ ಹೋದ ಆಸ್ಕರ್ ಬ್ರ್ಯಾಂಡನ್, ಆಮೇಲೆ 2016ರಲ್ಲಿ ರಿಯೊಗೆ ಹೋದ ಸೊರೆನ್ ಆಪ್ಟಿ ಅವರೂ ಪದಕದ ಹತ್ತಿರ ಸುಳಿಯಲಿಲ್ಲ. ದಕ್ಷಿಣ ಅಮೆರಿಕದ ಈಶಾನ್ಯ ಅಂಚಿನಲ್ಲಿರುವ, 1975ರವರೆಗೆ ಡಚ್ಚರ ಆಳ್ವಿಕೆಯಲ್ಲಿದ್ದ ಆ ದೇಶದ 2012ರ ಜನಗಣತಿಯಲ್ಲಿ ಸಿಕ್ಕ ತಲೆಗಳು 5.41 ಲಕ್ಷ. 2011ರ ಗಣತಿಯಲ್ಲಿ ಕಲಬುರಗಿ ನಗರದ ಜನಸಂಖ್ಯೆ ಸುಮಾರು 5.33 ಲಕ್ಷ. ಜಿಲ್ಲೆಯನ್ನು ಪೂರ್ತಿ ತೆಗೆದುಕೊಂಡರೆ 25 ಲಕ್ಷ ದಾಟುತ್ತದೆ, ಅಂದರೆ ನಾಲ್ಕು ಸುರಿನಾಮಿಗಿಂತ ಹೆಚ್ಚು.

ದೇಶವೊಂದನ್ನು ನಗರವೊಂದರ ಜೊತೆ ತೂಗುವುದು ಅನ್ಯಾಯವೆಂದು ಯಾರಾದರೂ ಹೇಳಬಹುದು. ಹೌದು, ಆದರೆ ನನ್ನ ವಾದ ಇರುವುದೇ ಆ ಅನ್ಯಾಯದಲ್ಲಿ. ಸುರಿನಾಮಿನ ಹುಡುಗ ಕಲಬುರಗಿಯ ಹುಡುಗನಿಗಿಂತ ಹೆಚ್ಚು ಪ್ರತಿಭೆಯಿಂದ ಹುಟ್ಟಿದವನಲ್ಲ. ಅವನ ಊರು ಒಂದು ದೇಶದ ರಾಜಧಾನಿಯಾಗಿರುವುದರಿಂದ ಅವನಿಗೆ ಸ್ವಂತ ಫೆಡರೇಷನ್ ಇದೆ, ಸ್ವಂತ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇದೆ, ಕೆರಿಬಿಯನ್ ದೇಶಗಳೆಲ್ಲ ಸೇರಿ ನಡೆಸುವ ಕೆರೆಬಾಕೊ ಟೂರ್ನಿ ಇದೆ, ಆ ರಾಜಧಾನಿ ಪಾರಮರಿಬೋದಲ್ಲೇ ನಡೆಯುವ ಸುರಿನಾಮ್ ಇಂಟರ್‌ನ್ಯಾಷನಲ್ ಟೂರ್ನಿ ಇದೆ. ಇವೆಲ್ಲದರ ಮೇಲೆ, ಚಿಕ್ಕ ದೇಶಗಳ ಆಟಗಾರರಿಗೆಂದು ಒಲಿಂಪಿಕ್ಸ್‌ನಲ್ಲಿ ಕೆಲವು ಆಹ್ವಾನದ ಸ್ಥಾನಗಳನ್ನು ಕಾದಿರಿಸಲಾಗುತ್ತದೆ. ಲಂಡನ್ನಿನಲ್ಲಿ ಸೂರೊರೆಜೊಗೆ ಬಾಗಿಲು ತೆರೆದದ್ದು ಈ ಏರ್ಪಾಡೇ. ಮನೆಯ ಹತ್ತಿರದಿಂದ ಶುರುವಾಗಿ ಒಂದೊಂದೇ ಮೆಟ್ಟಿಲು ಹತ್ತಿ ಹೋಗುವ ದಾರಿ ಅವನ ಮುಂದಿದೆ. ಕಲಬುರಗಿ ಕೋಟೆಯ ಸುತ್ತಲಿನ ಓಣಿಗಳ ಹುಡುಗಿಗಾಗಲಿ, ಅದೇ ಜಿಲ್ಲೆಯ ಕಮಲಾಪುರದ ಹುಡುಗನಿಗಾಗಲಿ ಮೊದಲ ಮೆಟ್ಟಿಲು ಸಿಗುವುದೇ ರೈಲಿನಲ್ಲಿ ಒಂದು ರಾತ್ರಿ ಕಳೆದ ಮೇಲೆ, ಬೆಂಗಳೂರಿನಲ್ಲಿ. ಆಟದ ವಿಷಯದಲ್ಲಿ ಕಲ್ಯಾಣ ಕರ್ನಾಟಕವನ್ನು ಒಂದು ಚಿಕ್ಕ ದೇಶವೆಂದು ಭಾವಿಸಿ ನಡೆಸಿಕೊಳ್ಳುವ ಕಾಲ ಬಂದಿದೆ.

ಕರ್ನಾಟಕದ ಬ್ಯಾಡ್ಮಿಂಟನ್ ಚರಿತ್ರೆಯೇ ಈ ಮಾತಿಗೆ ಮೊದಲ ಸಾಕ್ಷಿ. ಪ್ರಕಾಶ್ ಪಡುಕೋಣೆ 1971ರಿಂದ 1979ರವರೆಗೆ ಸತತ 9 ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು, 1980ರಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಈ ಸಾಲನ್ನು ನಾವು ಪಾಠದಂತೆ ಒಪ್ಪಿಸುತ್ತೇವೆ. ಅವರು ಆಟ ಕಲಿತ ಜಾಗದ ಬಗ್ಗೆ ಮಾತ್ರ ಅಷ್ಟಾಗಿ ಮಾತಾಡುವುದಿಲ್ಲ. ಅದು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣ, ಅಂದರೆ ಒಂದು ಕಲ್ಯಾಣ ಮಂಟಪ. ಮದುವೆ ಇದ್ದ ದಿನ ಆಟ ಇಲ್ಲ. ಆಗ ಅಕಾಡೆಮಿ ಇರಲಿಲ್ಲ, ವಿದೇಶಿ ಕೋಚ್ ಇರಲಿಲ್ಲ. ಇದ್ದದ್ದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಛಾವಣಿಯಿದ್ದ ಒಂದು ಹಾಲ್, ಮತ್ತು ಅಂದಿನ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ತಂದೆ ರಮೇಶ್ ಪಡುಕೋಣೆ. ಕಟ್ಟಡ ಮತ್ತು ಸಂಸ್ಥೆ, ಎರಡೂ ಒಂದೇ ಊರಿನಲ್ಲಿ ಕೈಗೆಟುಕುವಂತೆ ಇದ್ದವು. ಮುಂದೆ 1994ರಲ್ಲಿ ಪ್ರಕಾಶ್, ವಿಮಲ್ ಕುಮಾರ್ ಮುಂತಾದವರು ಅಕಾಡೆಮಿ ಕಟ್ಟಿದ್ದೂ ಅಲ್ಲೇ. ಅನೂಪ್ ಶ್ರೀಧರ್ 2008ರ ಒಲಿಂಪಿಕ್ಸ್‌ಗೆ ಹೋದರು, ಅರವಿಂದ್ ಭಟ್ 2014ರಲ್ಲಿ ಜರ್ಮನ್ ಓಪನ್ ಗೆದ್ದರು, ಅಶ್ವಿನಿ ಪೊನ್ನಪ್ಪ ಜ್ವಾಲಾ ಗುಟ್ಟಾ ಜೊತೆ 2011ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ತಂದರು. ಬೇರೆ ಬೇರೆ ಮನೆತನ, ಬೇರೆ ಬೇರೆ ಮೂಲದ ಊರು; ಆಟ ಹದಗೊಂಡ ನಗರ ಮಾತ್ರ ಒಂದೇ.

ಕಲಬುರಗಿಯಲ್ಲಿ ಕೋರ್ಟೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಖಾಸಗಿ ಕೋರ್ಟ್‌ಗಳ ಕಾಲ ಇದು. ಡಾಕ್ಟರು, ವಕೀಲರು, ಕಾಂಟ್ರ್ಯಾಕ್ಟರುಗಳು ಸಂಜೆ ಬೆವರಿಳಿಸಲು ಅವು ಸಾಕು. ಮಗುವೊಂದು ಆಟಗಾರ್ತಿಯಾಗಿ ಬೆಳೆಯಲು ಸಾಲವು. ಈ ಆಟ ಬಯಲಿನಲ್ಲಿ ಬೆಳೆಯುವಂಥದ್ದಲ್ಲ. ಷಟಲಿನ ತೂಕ ಐದು ಗ್ರಾಂ ಆಸುಪಾಸು, ಅದಕ್ಕೆ 16 ಗರಿ. ಬಾಗಿಲಿನಿಂದ ಸಣ್ಣ ಗಾಳಿ ಬಂದರೂ ಅದು ಗೆರೆಯ ಆಚೆ ಬೀಳುತ್ತದೆ. ಹೀಗಾಗಿ ಮುಚ್ಚಿದ ಗೋಡೆ ಬೇಕು, 9 ಮೀಟರಿಗಿಂತ ಎತ್ತರದ ಛಾವಣಿ ಬೇಕು, ಕಣ್ಣಿಗೆ ಕುಕ್ಕದ ಬೆಳಕು ಬೇಕು. ನಮ್ಮ ಭಾಗದ ಬಿಸಿಲು ಇದಕ್ಕೆ ಇನ್ನೊಂದು ಲೆಕ್ಕ ಸೇರಿಸುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟಿದಾಗ ಗಾಳಿ ಹಗುರಾಗುತ್ತದೆ, ಷಟಲ್ ಹೆಚ್ಚು ವೇಗವಾಗಿ ಹಾರುತ್ತದೆ. ಒಣ ಹವೆಗೆ ಗರಿ ಬಿರುಸಾಗಿ ಬೇಗ ಮುರಿಯುತ್ತದೆ. ತಗಡಿನ ಶೆಡ್ಡಿನ ಕೆಳಗೆ ಮಧ್ಯಾಹ್ನದ ತರಬೇತಿ ಎಂದರೆ ಶಿಕ್ಷೆ. ಗರಿಯ 12 ಷಟಲ್‌ಗಳಿರುವ ಒಂದು ಡಬ್ಬಿಯ ಬೆಲೆ ಸಾವಿರ ರೂಪಾಯಿ ದಾಟುತ್ತದೆ, ಗಂಭೀರವಾಗಿ ಅಭ್ಯಾಸ ಮಾಡುವವರಿಗೆ ಒಂದು ಡಬ್ಬಿ ಹೆಚ್ಚು ದಿನ ಬರುವುದಿಲ್ಲ. ಶಾಲಾ ಶಿಕ್ಷಕರ ಅಥವಾ ತೊಗರಿ ಬೆಳೆಯುವ ರೈತರ ಮನೆಯಿಂದ ಈ ಖರ್ಚು ಹೊರಡುವುದು ಹೇಗೆ? ನಮ್ಮ ಊರುಗಳಲ್ಲಿ ಬಯಲಲ್ಲೇ ಆಡಬಹುದಾದ ಬಾಲ್ ಬ್ಯಾಡ್ಮಿಂಟನ್ ಒಂದು ಕಾಲಕ್ಕೆ ಹುಲುಸಾಗಿ ಬೆಳೆದದ್ದು ಸುಮ್ಮನೆ ಅಲ್ಲ. ಆಸೆಯೂ ಇತ್ತು, ಕೈಚಳಕವೂ ಇತ್ತು. ಛಾವಣಿ ಇರಲಿಲ್ಲ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ನಿಜವಾದ ಪ್ರತಿಭೆ ಎಲ್ಲಿದ್ದರೂ ದೊಡ್ಡ ಅಕಾಡೆಮಿಯನ್ನು ಹುಡುಕಿಕೊಂಡು ಹೋಗುತ್ತದೆ, ಹೋಗಲಿ ಬಿಡಿ ಎನ್ನುತ್ತಾರೆ. ಲಕ್ಷ್ಯ ಸೇನ್ ಹಿಮಾಲಯದ ಅಲ್ಮೋರಾದಿಂದ ಬೆಂಗಳೂರಿಗೆ ಬರಲಿಲ್ಲವೇ? ಸಾತ್ವಿಕ್ ಸಾಯಿರಾಜ್ ಗೋದಾವರಿ ಸೀಮೆಯ ಅಮಲಾಪುರಂನಿಂದ ಹೈದರಾಬಾದಿನ ಗೋಪಿಚಂದ್ ಅಕಾಡೆಮಿಗೆ ಹೋಗಲಿಲ್ಲವೇ? ಹೋದರು. ಆದರೆ ಅವರು ಊರು ಬಿಡುವ ಹೊತ್ತಿಗೆ ಅವರ ಕೈಯಲ್ಲಿ ಆಟ ಆಗಲೇ ಇತ್ತು ಎಂಬುದನ್ನು ಮರೆಯಬಾರದು. ಲಕ್ಷ್ಯ ಅವರ ತಂದೆ ಡಿ.ಕೆ. ಸೇನ್ ಅಲ್ಮೋರಾದಲ್ಲೇ ಕೋಚ್ ಆಗಿದ್ದವರು, ಅಜ್ಜ ಆ ಊರಿಗೆ ಬ್ಯಾಡ್ಮಿಂಟನ್ ರುಚಿ ಹತ್ತಿಸಿದವರು. ಸಾತ್ವಿಕ್ ತಂದೆ ಅಮಲಾಪುರಂನಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದವರು. ಎಂಟು-ಹತ್ತು ವಯಸ್ಸಿನೊಳಗೆ ರಾಕೆಟ್ ಹಿಡಿಯುವ ಪಟ್ಟು, ಪಾದದ ಚಲನೆ ಮೈಗೂಡದಿದ್ದರೆ ಹದಿಮೂರಕ್ಕೆ ಬೆಂಗಳೂರು ಸೇರಿಯೂ ಹೆಚ್ಚು ಸಾಧಿಸಲಾಗದು. ದೊಡ್ಡ ಅಕಾಡೆಮಿಯು ಆಟಗಾರರನ್ನು ತಿದ್ದುತ್ತದೆ. ಮೊದಲ ಸಲ ರಾಕೆಟ್ ಹಿಡಿಸುವ ಕೆಲಸ ಊರಲ್ಲೇ ಆಗಬೇಕು. ಅಲ್ಮೋರಾ, ಅಮಲಾಪುರಂ ಎರಡೂ ಕಲಬುರಗಿಗಿಂತ ಎಷ್ಟೋ ಚಿಕ್ಕ ಊರುಗಳು.

ಎರಡನೆಯ ಆಕ್ಷೇಪ ಸುರಿನಾಮಿನ ಉದಾಹರಣೆಯನ್ನೇ ಹಿಡಿದು ಬರುತ್ತದೆ. ಆಹ್ವಾನದ ಮೇಲೆ ಹೋಗಿ ಮೊದಲ ಹಂತದಲ್ಲೇ ಸೋತು ಬರುವುದರಲ್ಲಿ ಏನಿದೆ, ಅದು ಅರ್ಹತೆಗೆ ಮಾಡಿದ ಅವಮಾನವಲ್ಲವೇ? ಇದಕ್ಕೆ ಸುರಿನಾಮೇ ಉತ್ತರ ಕೊಟ್ಟಿದೆ, ಬ್ಯಾಡ್ಮಿಂಟನ್‌ನಲ್ಲಿ ಅಲ್ಲದಿದ್ದರೂ ಈಜಿನಲ್ಲಿ. ಇಡೀ ದೇಶದಲ್ಲಿ 50 ಮೀಟರಿನ ಒಂದೇ ಒಂದು ಈಜುಕೊಳವಿದ್ದ ಕಾಲದಲ್ಲಿ ಆಂಥೊನಿ ನೆಸ್ಟಿ ಅಲ್ಲಿ ಈಜು ಕಲಿತರು, ಆಮೇಲೆ ತರಬೇತಿಗೆ ಅಮೆರಿಕದ ಫ್ಲಾರಿಡಾಕ್ಕೆ ಹೋದರು, 1988ರ ಸೋಲ್ ಒಲಿಂಪಿಕ್ಸ್‌ನ 100 ಮೀಟರ್ ಬಟರ್‌ಫ್ಲೈನಲ್ಲಿ ಅಮೆರಿಕದ ಮ್ಯಾಟ್ ಬಿಯೊಂಡಿ ಅವರನ್ನು ಸೆಕೆಂಡಿನ ನೂರನೇ ಒಂದು ಭಾಗದಿಂದ ಹಿಂದಿಕ್ಕಿ ಚಿನ್ನ ಗೆದ್ದರು. ಆ ಒಂದು ಕೊಳವೂ ಇರದಿದ್ದರೆ ಫ್ಲಾರಿಡಾದವರಿಗೆ ನೆಸ್ಟಿ ಎಂಬ ಹುಡುಗ ಇದ್ದಾನೆಂದು ತಿಳಿಯುವುದಾದರೂ ಹೇಗೆ? ಹಾಗೆಂದು ರಾಜ್ಯ ತಂಡದಲ್ಲಿ ಕಲ್ಯಾಣ ಕರ್ನಾಟಕಕ್ಕೆ ಮೀಸಲು ಸ್ಥಾನ ಕೊಡಿ ಎಂದು ನಾನು ಕೇಳುವುದಿಲ್ಲ. ತಂಡ ಕಟ್ಟುವಾಗ ಗೆಲ್ಲುವವರೇ ಇರಬೇಕು. ರಾಜ್ಯಮಟ್ಟದ ಕಿರಿಯರ ಟೂರ್ನಿಗಳ ಮುಖ್ಯ ಸುತ್ತಿನಲ್ಲಿ ಈ ವಿಭಾಗದ ಚಾಂಪಿಯನ್ನರಿಗೆ ನೇರ ಪ್ರವೇಶ, ಓಡಾಟ ಮತ್ತು ವಸತಿಯ ಖರ್ಚು, ವರ್ಷಕ್ಕೆ ಒಂದಾದರೂ ರ‍್ಯಾಂಕಿಂಗ್ ಟೂರ್ನಿ ಕಲಬುರಗಿಯಲ್ಲಿ. ಕೇಳುತ್ತಿರುವುದು ಇಷ್ಟೇ. ಸೋತರೆ ಸೋಲಲಿ, ಯಾರ ಎದುರು ಸೋತೆವೆಂದಾದರೂ ಮಕ್ಕಳಿಗೆ ತಿಳಿಯಲಿ.

ಟೂರ್ನಿ ನಡೆಸುವ ತಾಕತ್ತು ಈ ನಗರಕ್ಕೆ ಇಲ್ಲ ಎನ್ನುವವರು 2023ನ್ನು ನೆನೆಯಬೇಕು. ಆ ವರ್ಷ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಮಾನ್ಯತೆಯ ಕಲಬುರಗಿ ಓಪನ್ ನಡೆಯಿತು, ವಿದೇಶಿ ಆಟಗಾರರು ಬಂದರು, ರಾಮ್‌ಕುಮಾರ್ ರಾಮನಾಥನ್ ಪ್ರಶಸ್ತಿ ಗೆದ್ದರು. ಟೆನಿಸ್‌ಗೆ ಆದದ್ದು ಷಟಲ್‌ಗೆ ಆಗಬಾರದೇಕೆ?

ಇನ್ನು ಹಣದ ಮಾತು. ಕುಡಿಯುವ ನೀರಿಲ್ಲದ, ಶಾಲೆಗಳಲ್ಲಿ ಶಿಕ್ಷಕರಿಲ್ಲದ, ಅಪೌಷ್ಟಿಕತೆ ಕಾಡುವ ಸೀಮೆಯಲ್ಲಿ ಬ್ಯಾಡ್ಮಿಂಟನ್ ಹಾಲ್ ಕಟ್ಟಬೇಕೇ ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತಿ ಹಿಂದುಳಿದ ತಾಲ್ಲೂಕುಗಳಲ್ಲಿ 21 ಇದ್ದದ್ದು ಅಂದಿನ ಗುಲಬರ್ಗಾ ವಿಭಾಗದಲ್ಲೇ. ಆ ಕೊರತೆ ನೀಗಿಸಲೆಂದೇ ಸಂವಿಧಾನಕ್ಕೆ 371ಜೆ ವಿಧಿ ಸೇರಿತು, ಪ್ರತ್ಯೇಕ ಮಂಡಳಿ ಬಂತು. 2023-24ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಘೋಷಿಸಿದ ಮೊತ್ತ 5,000 ಕೋಟಿ ರೂಪಾಯಿ. ನಾಲ್ಕು ಕೋರ್ಟ್‌ಗಳ, ಮರದ ನೆಲದ, ಬಿಸಿಲು ತಡೆಯುವ ಛಾವಣಿಯ ಹಾಲ್ ಈ ಮೊತ್ತದ ಎದುರು ಚಿಲ್ಲರೆ ಲೆಕ್ಕ. ನೀರಿನ ಯೋಜನೆಯೊಂದನ್ನು ನಿಲ್ಲಿಸಿ ಕಟ್ಟಬೇಕಾದದ್ದಲ್ಲ. ನನಗಿರುವ ಭಯ ಬೇರೆ. ಹಾಲ್ ಕಟ್ಟುವುದು ನಮ್ಮವರಿಗೆ ಗೊತ್ತು, ನಡೆಸುವುದು ಗೊತ್ತಿಲ್ಲ. ಉದ್ಘಾಟನೆಯ ಕಲ್ಲು ನೆಟ್ಟ ಮೇಲೆ ಬೀಗ ಯಾರ ಕೈಯಲ್ಲಿರುತ್ತದೆ, ಸಂಬಳದ ಕೋಚ್ ಯಾರು, ಷಟಲ್ ಕೊಳ್ಳಲು ವರ್ಷಕ್ಕೆ ಎಷ್ಟು, ಬಡ ಮಕ್ಕಳಿಗೆ ಯಾವ ಹೊತ್ತು ಉಚಿತ ಎಂಬುದು ಅಂದಾಜು ಪಟ್ಟಿಯಲ್ಲೇ ಇರಬೇಕು. ಇಲ್ಲದಿದ್ದರೆ ಅದು ಇನ್ನೊಂದು ಫಂಕ್ಷನ್ ಹಾಲ್ ಆಗುತ್ತದೆ. ಪ್ರಕಾಶರ ಕಾಲದಲ್ಲಿ ಮದುವೆಯ ಮಂಟಪದಲ್ಲಿ ಆಟ ನಡೆಯಿತು. ನಮ್ಮಲ್ಲಿ ಆಟದ ಮಂಟಪದಲ್ಲಿ ಮದುವೆ ನಡೆದೀತು.

ಬ್ಯಾಡ್ಮಿಂಟನ್ ಉಳ್ಳವರ ಆಟ, ಆ ದುಡ್ಡನ್ನು ಕಬಡ್ಡಿ, ಖೊ ಖೊಗೆ ಕೊಡಿ ಎನ್ನುವವರೂ ಇದ್ದಾರೆ. ಅವಕ್ಕೂ ಕೊಡಲಿ. ಆದರೆ ಸಾರ್ವಜನಿಕ ಕೋರ್ಟ್ ಇಲ್ಲದಿರುವುದರಿಂದಲೇ ಅದು ಉಳ್ಳವರ ಆಟವಾಗಿ ಉಳಿದಿದೆ. ಸೂರೊರೆಜೊ ಎಂಬ ಹೆಸರು ಜಾವಾ ದ್ವೀಪದ ಮೂಲದ್ದು. 1890ರಿಂದ ಡಚ್ಚರು ಜಾವಾದಿಂದ ತೋಟದ ಕೂಲಿಗಳಾಗಿ ಹಡಗಿನಲ್ಲಿ ಸಾಗಿಸಿದ ಜನರ ವಂಶಗಳಲ್ಲಿ ಇಂಥ ಹೆಸರುಗಳಿವೆ. ಕೂಲಿಕಾರರ ಮೊಮ್ಮಕ್ಕಳು ಆಡಿದ ಆಟವನ್ನು ಉಳ್ಳವರ ಆಟ ಎಂದು ನಾವೇಕೆ ಬಿಟ್ಟುಕೊಡಬೇಕು?

ಭೂಗೋಳವೂ ಒಂದು ಅನುಕೂಲ ಕೊಟ್ಟಿದೆ, ಅದನ್ನು ನಾವು ಬಳಸಿಕೊಂಡಿಲ್ಲ. ಕಲಬುರಗಿಯಿಂದ ಬೆಂಗಳೂರಿಗೆ ಇರುವ ದೂರದ ಅರ್ಧಕ್ಕಿಂತ ಕಡಿಮೆ ದೂರದಲ್ಲಿ ಹೈದರಾಬಾದ್ ಇದೆ. 1956ರವರೆಗೆ ನಾವು ಇದ್ದದ್ದೂ ಹೈದರಾಬಾದ್ ರಾಜ್ಯದಲ್ಲೇ. ಸಿಂಧು, ಶ್ರೀಕಾಂತ್ ಅವರಂಥವರನ್ನು ತಯಾರಿಸಿದ ಆ ನಗರದಲ್ಲಿ ಆಡಿ ಮುಗಿಸಿ ಕೋಚಿಂಗಿಗೆ ಇಳಿದ ಯುವಕ ಯುವತಿಯರಿಗೆ ಕೊರತೆಯಿಲ್ಲ. ಅವರಲ್ಲಿ ಇಬ್ಬರು ಮೂವರನ್ನು ಗುತ್ತಿಗೆಯ ಮೇಲೆ ಕರೆತರುವುದಕ್ಕೆ ರಾಜ್ಯದ ಗಡಿ ಅಡ್ಡ ಬರಬಾರದು. ಆಟಗಾರರು ಕರ್ನಾಟಕದ ಪರವಾಗಿಯೇ ಆಡಲಿ, ಗುರು ಎಲ್ಲಿಂದ ಬಂದರೇನು?

ಮಂಡಳಿಯ ಮುಂದಿನ ಕ್ರಿಯಾಯೋಜನೆ ಸಿದ್ಧವಾಗುವ ಮೊದಲು ಈ ಭಾಗದ ಶಾಸಕರು ಎರಡು ಹಾಲ್‌ಗಳ ಹೆಸರನ್ನು ಅದರಲ್ಲಿ ಸೇರಿಸಲಿ. ಒಂದು ಕಲಬುರಗಿ ಕೋಟೆಯ ಆಸುಪಾಸಿನಲ್ಲಿ, ಹಳೆಯ ನಗರದ ಮಕ್ಕಳು ಸಂಜೆ ನಡೆದು ಬರುವಷ್ಟು ಹತ್ತಿರ, ಆದರೆ ಸ್ಮಾರಕದ ನಿಷೇಧಿತ ಗಡಿಯ ಹೊರಗೆ. ಇನ್ನೊಂದು ಕಮಲಾಪುರದಲ್ಲಿ, ಹೊಸ ತಾಲ್ಲೂಕಿಗೆ ಕಚೇರಿ ಕಟ್ಟಡಗಳು ಬೇಕು, ಅವುಗಳ ಜೊತೆಗೆ ಮಕ್ಕಳಿಗೂ ಒಂದು ಛಾವಣಿ ಬೇಕು. ಎರಡಕ್ಕೂ ಕಟ್ಟಡದ ಹಣದ ಜೊತೆಯಲ್ಲೇ ಐದು ವರ್ಷದ ಕೋಚ್ ಸಂಬಳ ಮತ್ತು ಷಟಲ್ ಖರ್ಚನ್ನೂ ತೆಗೆದಿಡಲಿ. ರಾಜ್ಯ ಬ್ಯಾಡ್ಮಿಂಟನ್ ಸಂಸ್ಥೆ ತನ್ನ ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ಕಲಬುರಗಿಗೆ ಒಂದು ವಾರ ಕೊಡಲಿ. ಬಿಸಿಲಿನ ತಿಂಗಳು ಬೇಡ, ನವೆಂಬರ್ ಅಥವಾ ಡಿಸೆಂಬರ್ ಆಗಲಿ.