ಕಷ್ಟ ಕಡಿಮೆಯಿದ್ದದ್ದು ಯಾವಾಗ?

ಬೈರಿದೇವರಕೊಪ್ಪದ ತಾಯಿಯೊಬ್ಬರು ಪಿಯುಸಿ ಓದುವ ಮಗ ಮಾತೇ ಆಡುವುದಿಲ್ಲವೆಂದು ಕಣ್ಣೀರಿಟ್ಟರು. 'ಯಾಕೆ ಹೀಗಾಯಿತು?' ಎಂದಿದ್ದರೆ ದೂರುಗಳ ಪಟ್ಟಿಯೇ ಬರುತ್ತಿತ್ತು. 'ಈ ವಾರ ಅವನು ಒಂದಿಷ್ಟಾದರೂ ಮಾತಾಡಿದ್ದು ಯಾವಾಗ?' ಎಂದು ಕೇಳಿದೆ. ತುಸು ಯೋಚಿಸಿ, 'ರಾತ್ರಿ ರೊಟ್ಟಿ ಬಡಿಸುವಾಗ. ಅವತ್ತು ಮಾರ್ಕ್ಸಿನ ಸುದ್ದಿ ಎತ್ತಿರಲಿಲ್ಲ' ಎಂದರು. ದಾರಿ ಅವರ ಬಳಿಯೇ ಇತ್ತು.

ಸಹೋದರಿಯರೇ, ಇದು ಅಮೆರಿಕದ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ದಂಪತಿ 1980ರ ದಶಕದಲ್ಲಿ ರೂಪಿಸಿದ ಆಪ್ತಸಲಹೆಯ ಕ್ರಮ. ತೊಂದರೆ ಇಲ್ಲದ ಗಳಿಗೆ ಯಾವುದು? 10ಕ್ಕೆ ಇಂದು ಎಷ್ಟು ಅಂಕ ಕೊಡುತ್ತೀರಿ? 3 ಇದ್ದದ್ದು 4 ಆದರೆ ಮನೆಯಲ್ಲಿ ಏನು ಬದಲಾಗಿರುತ್ತದೆ? ಹೀಗೆ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಬೇಕು. ಕೇಳಿಸಿಕೊಂಡ ಮಾತು ಅಮಾನತ್ತು. ಅದು ಪಕ್ಕದ ಮನೆ ತಲುಪಬಾರದು.

ಆದರೆ ಹೊಡೆತ ತಿನ್ನುತ್ತಿರುವವಳಿಗೆ, ಬದುಕೇ ಬೇಡವೆನ್ನುವವಳಿಗೆ ಪ್ರಶ್ನೆಗಳಷ್ಟೇ ಸಾಲವು. 'ಸಬ್ರ್ ಮಾಡು' ಎಂದು ಹಿಂದಕ್ಕೆ ಕಳುಹಿಸಬೇಡಿ. ಮಹಿಳಾ ಸಹಾಯವಾಣಿ 181, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಮನಸ್ಸಿಗೆ ಚಿಕಿತ್ಸೆ ಪಡೆಯುವುದು ಈಮಾನಿನ ಕೊರತೆಯಲ್ಲ.