ಬಡಿಸುವವರು ನಮ್ಮವರಾದರೆ...

“ಬಡಿಸುವವನು ನಮ್ಮವನಾದರೆ ಕಡೆಯ ಪಂಕ್ತಿಯಾದರೇನು?” ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ವಿಮಾನವನ್ನು ಕಂಡವರಲ್ಲ. ಆದರೂ ಆ ಮಾತು ವಿಮಾನದೊಳಗಿನ ಊಟೋಪಚಾರಕ್ಕೆ ಹೇಳಿ ಮಾಡಿಸಿದಂತಿದೆ. ಅಲ್ಲಿಯೂ ಪಂಕ್ತಿಗಳುಂಟು. ಮುಂದಿನ ಪಂಕ್ತಿಗೆ ಪಿಂಗಾಣಿಯ ತಟ್ಟೆ, ಗಾಜಿನ ಲೋಟ, ಕಾಲು ಚಾಚಿ ಮಲಗುವಷ್ಟು ಜಾಗ. ಹಿಂದಿನ ಪಂಕ್ತಿಗೆ ಮುಚ್ಚಳವಿಟ್ಟ ಸಣ್ಣ ಪೊಟ್ಟಣ ಮತ್ತು ಪಕ್ಕದವರ ಮೊಣಕೈ. ನಡುವೆ ಒಂದು ಪರದೆ. ಬಡಿಸುವವರು ಮಾತ್ರ ಪರದೆಯ ಎರಡು ಕಡೆಗೂ ಸೇರಿದವರು. ಅವರು ನಮ್ಮವರೋ ಅಲ್ಲವೋ ಎಂಬುದು ಸುಖವಾಗಿ ಕುಳಿತಿರುವಾಗ ತಿಳಿಯುವುದಿಲ್ಲ. ಪರದೆಯ ಈಚೆಯವರು ಆಚೆಗೆ ಹೋಗಬೇಕಾಗಿ ಬಂದಾಗ ತಿಳಿಯುತ್ತದೆ.

ಈ ಮಾತು ಏಕೆ ಬಂತೆಂದರೆ, ಜಯನಗರದಿಂದ ಸೋದರಿಯೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಅವರ ಪತಿಗೆ ಯೂರೋಪಿನಲ್ಲಿ ಕೆಲಸವಿತ್ತು. ಕಂಪೆನಿಯವರು ಅವರೊಬ್ಬರಿಗೆ ಬಿಸಿನೆಸ್ ಕ್ಲಾಸಿನ ಟಿಕೆಟ್ಟು ಕೊಟ್ಟರು. ಹೆಂಡತಿ, ಮಗು, ಎಪ್ಪತ್ತು ದಾಟಿದ ತಾಯಿ, ಈ ಮೂವರಿಗೂ ಸ್ವಂತ ಖರ್ಚಿನಲ್ಲಿ ಹಿಂದಿನ ಎಕಾನಮಿಯಲ್ಲಿ ಸ್ಥಳ. ತಾಯಿಗೆ ಮಂಡಿನೋವು. ವಿಮಾನ ಮೇಲೇರಿದ ಮೇಲೆ ಮಗ ಎದ್ದು ಬಂದು ತಾಯಿಯನ್ನು ಮುಂದೆ ಕರೆದುಕೊಂಡು ಹೋಗಿ ಕೂರಿಸಿ, ತಾನು ಅವರ ಜಾಗದಲ್ಲಿ ಬಂದು ಕುಳಿತರು. ಬಾಗಿಲ ಬಳಿಯಿದ್ದ ಗಗನಸಖಿ ನಕ್ಕು ಸುಮ್ಮನಿದ್ದಳಂತೆ. ಊಟದ ಹೊತ್ತಿಗೆ ಇನ್ನೊಬ್ಬಾಕೆ ಬಂದು, “ಇದು ನಿಮ್ಮ ಜಾಗವಲ್ಲ, ನಿಮ್ಮ ಊಟ ಹಿಂದೆ ಇದೆ” ಎಂದು ನಾಲ್ಕು ಜನರಿಗೆ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದಳು. ಆ ವೃದ್ಧೆಗೆ ಇಂಗ್ಲಿಷು ಬಾರದು. ಆದರೆ ದನಿಗೆ ಭಾಷೆಯ ಹಂಗಿಲ್ಲವಷ್ಟೆ. ಅವರು ಎದ್ದು, ಸೀಟುಗಳ ಬೆನ್ನನ್ನು ಹಿಡಿದುಕೊಳ್ಳುತ್ತಾ ಹಿಂದಕ್ಕೆ ಬಂದು, “ಅಲ್ಲಿ ಚಳಿ ಜಾಸ್ತಿ ಕಣೋ, ನನಗೆ ಇಲ್ಲೇ ಸರಿ” ಎಂದು ಮಗನಿಗೆ ಹೇಳಿದರಂತೆ. “ನಾವು ಮಾಡಿದ್ದು ತಪ್ಪೆ?” ಎಂಬುದು ಸೋದರಿಯ ಪ್ರಶ್ನೆ.

ತೀರ್ಪು ಹೇಳುವ ಮೊದಲು ಆ ಪರದೆಯ ಪೂರ್ವೋತ್ತರವನ್ನು ಸ್ವಲ್ಪ ವಿಚಾರಿಸೋಣ. 1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾಗಳ ಮೇಲೆ ಲಂಡನ್ನಿಗೆ ಹಾರಿ ಏರ್ ಇಂಡಿಯಾದ ವಿದೇಶಯಾನವನ್ನು ಆರಂಭಿಸಿದಾಗ, ವಿಮಾನವೇರುವುದು ರಾಜಮಹಾರಾಜರಿಗೂ ಸಿರಿವಂತರಿಗೂ ಮಾತ್ರ ಸಲ್ಲುವ ಸಂಗತಿಯಾಗಿತ್ತು. 1952ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುವ ವಿಮಾನಗಳಲ್ಲಿ ‘ಟೂರಿಸ್ಟ್’ ಎಂಬ ಅಗ್ಗದ ದರ್ಜೆ ಬಂತು. 1958ರಲ್ಲಿ ‘ಎಕಾನಮಿ’ ಬಂತು. ನಡುವಿನ ‘ಬಿಸಿನೆಸ್ ಕ್ಲಾಸ್’ ಇವುಗಳಿಗಿಂತ ಕಿರಿಯದು. ಆಸ್ಟ್ರೇಲಿಯದ ಕ್ವಾಂಟಾಸ್ ಕಂಪೆನಿ ಅದನ್ನು ಆರಂಭಿಸಿದ್ದು 1979ರಲ್ಲಿ. ಆದ್ದರಿಂದ ಪರದೆಯನ್ನು ಶಪಿಸುವ ಮುನ್ನ ಒಂದು ಮಾತನ್ನು ನೆನೆಯಬೇಕು. ಅದನ್ನು ಕಟ್ಟಿದ್ದರಿಂದಲೇ ಅದರ ಹಿಂದೆ ನಮ್ಮಂಥವರಿಗೆ ಸ್ಥಳ ದೊರಕಿತು. ಮುಂದಿನವರು ತೆರುವ ಹೆಚ್ಚಿನ ಹಣದಲ್ಲಿ ಹಿಂದಿನವರ ಪ್ರಯಾಣದ ಒಂದು ಪಾಲು ಸಾಗುತ್ತದೆ. ಪರದೆಯೇ ಇಲ್ಲದ ವಿಮಾನಗಳೂ ಉಂಟು. 2003ರಲ್ಲಿ ನಮ್ಮ ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಏರ್ ಡೆಕ್ಕನ್‌ನಲ್ಲಿ ಎಲ್ಲರಿಗೂ ಒಂದೇ ಪಂಕ್ತಿ. ಆದರೆ ಆ ಪಂಕ್ತಿಯಲ್ಲಿ ಊಟವನ್ನು ಕೊಂಡು ತಿನ್ನಬೇಕಾಗಿತ್ತು!

ಇನ್ನು ಸಿಬ್ಬಂದಿಯ ಕಡೆಯ ನ್ಯಾಯವನ್ನು ಕೇಳೋಣ. ಗಗನಸಖಿಯೆಂದರೆ ಕಾಫಿ ಕೊಡುವವಳು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. 1930ರ ಮೇ 15ರಂದು ಅಮೆರಿಕದಲ್ಲಿ ಮೊಟ್ಟಮೊದಲ ಗಗನಸಖಿಯಾಗಿ ವಿಮಾನವೇರಿದ ಎಲೆನ್ ಚರ್ಚ್ ಎಂಬಾಕೆ ದಾದಿಯಾಗಿದ್ದವಳು. ಉಪಚಾರಕ್ಕಿಂತ ರಕ್ಷಣೆಯೇ ಈ ವೃತ್ತಿಯ ಮೂಲಧರ್ಮ. ಐವತ್ತು ಸೀಟುಗಳಿಗೆ ಕನಿಷ್ಠ ಒಬ್ಬರಂತೆ ಸಿಬ್ಬಂದಿ ಇರಲೇಬೇಕೆಂದು ನಿಯಮವಿರುವುದು ಊಟ ಬಡಿಸುವುದಕ್ಕಾಗಿ ಅಲ್ಲ, ಅಪಾಯದಲ್ಲಿ ಜನರನ್ನು ಹೊರಗೆ ಸಾಗಿಸುವುದಕ್ಕಾಗಿ. ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದರೂ ತುಂಬಿದ ವಿಮಾನವನ್ನು 90 ಸೆಕೆಂಡುಗಳಲ್ಲಿ ಬರಿದು ಮಾಡಲು ಸಾಧ್ಯವೆಂದು ವಿಮಾನ ತಯಾರಿಸುವವರು ತೋರಿಸಿಕೊಡಬೇಕು. ಅಂಥ ಲೆಕ್ಕಾಚಾರದಲ್ಲಿ ಯಾರು ಎಲ್ಲಿ ಕುಳಿತಿದ್ದಾರೆಂಬುದು ಅಲ್ಪವಿಷಯವಲ್ಲ. ತುರ್ತು ಬಾಗಿಲ ಪಕ್ಕದ ಸಾಲಿನಲ್ಲಿ ಮಕ್ಕಳನ್ನಾಗಲಿ ಅಶಕ್ತರನ್ನಾಗಲಿ ಕೂರಿಸುವಂತಿಲ್ಲ. ಅವಘಡವಾದರೆ ಗುರುತು ಹಿಡಿಯಲು ಸೀಟಿನ ಪಟ್ಟಿಯೂ ನೆರವಾಗುತ್ತದೆ. ಸಣ್ಣ ಊರುಗಳಿಗೆ ಹಾರುವ ಎ.ಟಿ.ಆರ್.ನಂಥ ಚಿಕ್ಕ ವಿಮಾನಗಳಲ್ಲಿ ಕೆಲವರು ಹಿಂದುಮುಂದಾದರೂ ವಿಮಾನದ ತೂಕದ ಸಮತೋಲ ವ್ಯತ್ಯಾಸವಾಗುತ್ತದೆ. ತಕ್ಕಡಿಯ ತಟ್ಟೆಗೆ ಕಲ್ಲು ಹಾಕುವಷ್ಟೇ ನೇರವಾದ ಸಂಗತಿ ಅದು.

ಊಟದ ಮಾತೂ ಹಾಗೆಯೇ. ಮುಂದಿನ ದರ್ಜೆಯ ಊಟವನ್ನು ತಲೆಯೆಣಿಸಿ ಏರಿಸಿರುತ್ತಾರೆ. ಈರುಳ್ಳಿ ಬೆಳ್ಳುಳ್ಳಿ ಬೇಡವೆಂದೋ ಸಕ್ಕರೆ ಕೂಡದೆಂದೋ ನಾವು ಮೊದಲೇ ಹೇಳಿ ತರಿಸಿದ ವಿಶೇಷ ಊಟ, ಸೀಟಿನ ಸಂಖ್ಯೆಯನ್ನು ಹಿಡಿದುಕೊಂಡು ಬರುತ್ತದೆ. ತಾಯಿ ಮುಂದೆ, ಮಗ ಹಿಂದೆ ಹೋದರೆ, ತಾಯಿಗೆಂದು ಬಂದ ಸಪ್ಪೆಯ ಊಟ ಮಗನ ಮುಂದೆಯೂ, ಮಗನಿಗೆ ಬಂದ ಮಾಂಸದ ಖಾದ್ಯ ಮಡಿವಂತ ತಾಯಿಯ ಮುಂದೆಯೂ ಕುಳಿತುಕೊಳ್ಳುತ್ತದೆ. ಗಲಿಬಿಲಿಯಾದರೆ ಬೈಗಳು ತಿನ್ನುವವರು ಬಡಿಸುವವರೇ.

ಪ್ರಯಾಣಿಕರು ತಮ್ಮತಮ್ಮಲ್ಲೇ ದರ್ಜೆ ಬದಲಿಸಿಕೊಳ್ಳುವ ವಿಷಯದಲ್ಲಿ ಎಲ್ಲ ಕಂಪೆನಿಗಳಿಗೂ ಒಂದೇ ಕಟ್ಟಳೆಯಿಲ್ಲ. ಕೆಲವರು ಬೇಡವೆನ್ನುತ್ತಾರೆ, ಕೆಲವರು ಸಿಬ್ಬಂದಿಯ ಮುಖ್ಯಸ್ಥರ ವಿವೇಚನೆಗೆ ಬಿಡುತ್ತಾರೆ. ಆದರೆ ವಿಮಾನ ಹಾರುತ್ತಿರುವಾಗ ಅದರ ಸುರಕ್ಷತೆಗೂ ಸುವ್ಯವಸ್ಥೆಗೂ ಬೇಕಾದ ಆಜ್ಞೆಯನ್ನು ವಿಧಿಸುವ ಅಧಿಕಾರ ಕ್ಯಾಪ್ಟನ್ನರದೆಂದು 1963ರ ಟೋಕಿಯೋ ಒಪ್ಪಂದ ಸ್ಪಷ್ಟಪಡಿಸಿದೆ. ಅವರು “ಕೂಡದು” ಎಂದರೆ ಕೂಡದು. ಅಲ್ಲಿ ವಾದಕ್ಕೆ ಅವಕಾಶವಿಲ್ಲ. ಇನ್ನೊಂದು ಸಂಗತಿಯನ್ನೂ ತಿಳಿದಿರುವುದು ಒಳ್ಳೆಯದು. ಮೇಲಿನ ದರ್ಜೆಯ ಟಿಕೆಟ್ಟು ಕೊಂಡವರನ್ನು ಕಂಪೆನಿಯೇ ತನ್ನ ಅನುಕೂಲಕ್ಕಾಗಿ ಕೆಳಗಿಳಿಸಿದರೆ, 2023ರ ಫೆಬ್ರವರಿ 15ರಿಂದ ಜಾರಿಗೆ ಬಂದ ನಮ್ಮ ವಿಮಾನಯಾನ ನಿರ್ದೇಶನಾಲಯದ ನಿಯಮದಂತೆ, ದೇಶದೊಳಗಿನ ಪ್ರಯಾಣಕ್ಕೆ ಟಿಕೆಟ್ಟಿನ ಬೆಲೆಯ ಶೇಕಡಾ 75ರಷ್ಟನ್ನು, ವಿದೇಶಯಾನಕ್ಕೆ ದೂರವನ್ನನುಸರಿಸಿ ಶೇಕಡಾ 30ರಿಂದ 75ರವರೆಗೆ ಹಿಂದಿರುಗಿಸಬೇಕು. ತಾಯಿಗಾಗಿ ತಾನಾಗಿಯೇ ಕೆಳಗಿಳಿದ ಮಗನಿಗೆ ಅಂಥದೇನೂ ಇಲ್ಲ. ಮಾತೃಸೇವೆಗೆ ರಶೀದಿ ಕೊಡುವವರಾರು?

ಇಷ್ಟೆಲ್ಲ ಒಪ್ಪಿದ ಮೇಲೂ ಸೌಜನ್ಯದ ಪ್ರಶ್ನೆ ಉಳಿದೇ ಉಳಿಯುತ್ತದೆ. ಬೇಡವೆನ್ನುವ ಅಧಿಕಾರ ಬೇರೆ, ಬೇಡವೆನ್ನುವ ರೀತಿ ಬೇರೆ. ಪಂಕ್ತಿಭೇದವೆಂಬುದು ನಮ್ಮ ಜನ ಸುಲಭವಾಗಿ ಮರೆಯದ ಅಪಮಾನ. ಒಬ್ಬರ ಎಲೆಗೆ ತುಪ್ಪ ಹಾಕಿ ಪಕ್ಕದ ಎಲೆಯನ್ನು ಹಾರಿಸಿಕೊಂಡು ಹೋದವರನ್ನು ಮೂರು ತಲೆಮಾರು ನೆನೆಯುವ ಮನೆಗಳುಂಟು. ಹಣಕ್ಕೆ ತಕ್ಕ ತಟ್ಟೆ ಎಂಬ ಭೇದವನ್ನು ವಿಮಾನ ಹತ್ತುವಾಗಲೇ ಒಪ್ಪಿರುತ್ತೇವೆ. ಆದರೆ ಮುಖ ನೋಡಿ ಮಾತಿನ ತೂಕವನ್ನು ಬದಲಿಸುವ ಭೇದವನ್ನು ಯಾರೂ ಒಪ್ಪಿಲ್ಲ. 1893ರ ಜೂನ್ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಇಳಿಸಿದಾಗ ಅವರ ಕೈಯಲ್ಲಿ ಮೊದಲ ದರ್ಜೆಯ ಟಿಕೆಟ್ಟೇ ಇತ್ತು. ಅಂದಿನ ಅಧಿಕಾರಿಗಳು ನೋಡಿದ್ದು ಟಿಕೆಟ್ಟನ್ನಲ್ಲ, ಮೈಬಣ್ಣವನ್ನು. ಆ ಘೋರ ಅನ್ಯಾಯವನ್ನು ಇಂದಿನ ಒಂದು ಊಟದ ತಟ್ಟೆಗೆ ಹೋಲಿಸುವುದು ಅತಿಯಾದೀತು. ಆದರೂ ಒರಟು ಸೀರೆಯುಟ್ಟು ಅರಿಶಿನದ ಕೈಯಲ್ಲಿ ಕೈಚೀಲ ಹಿಡಿದ ಅಜ್ಜಿಯೊಬ್ಬರನ್ನು ಮುಂದಿನ ಸಾಲಿನಲ್ಲಿ ಕಂಡೊಡನೆ “ನಿಮ್ಮ ಬೋರ್ಡಿಂಗ್ ಪಾಸು ಎಲ್ಲಿ?” ಎಂಬ ಪ್ರಶ್ನೆ ನಾಲಿಗೆಗೆ ಬಂದರೆ, ಅದೇ ಪ್ರಶ್ನೆ ಕೋಟುಧಾರಿಯ ಮುಂದೆಯೂ ಬರುತ್ತಿತ್ತೇ ಎಂದು ಕೇಳುವವರು ತಮ್ಮನ್ನೇ ಒಮ್ಮೆ ಕೇಳಿಕೊಳ್ಳಬೇಕು.

ಒಳ್ಳೆಯ ಸಿಬ್ಬಂದಿ ಇಂಥ ಸಂದರ್ಭದಲ್ಲಿ ಏನು ಮಾಡುತ್ತಾರೆ? ಮೊದಲನೆಯದು, ಮಾತನ್ನು ಕಿವಿಯ ಬಳಿ ಆಡುತ್ತಾರೆ. ಬಗ್ಗಿ, ಮೆಲುದನಿಯಲ್ಲಿ, ಸಾಧ್ಯವಾದರೆ ಮಗನನ್ನೇ ಪಕ್ಕಕ್ಕೆ ಕರೆದು. ಎರಡನೆಯದು, ಕಾರಣ ಹೇಳುತ್ತಾರೆ. “ನಿಯಮವಿಲ್ಲ” ಎಂದರೆ ಮುಖಕ್ಕೆ ಬಾಗಿಲು ಹಾಕಿದಂತೆ; “ತುರ್ತಿನಲ್ಲಿ ನಿಮ್ಮನ್ನು ಈ ಸೀಟಿನಲ್ಲಿ ಹುಡುಕುತ್ತೇವೆ” ಎಂದರೆ ಅದರಲ್ಲಿಯೇ ಕಾಳಜಿ ಕಾಣುತ್ತದೆ. ಮೂರನೆಯದು, ಬರಿಗೈಯಲ್ಲಿ ಕಳುಹಿಸುವುದಿಲ್ಲ. ಮುಂದೆ ಕೂರಿಸಲಾಗದಿದ್ದರೆ ಹಿಂದೆಯೇ ಖಾಲಿ ಸಾಲೊಂದಿದ್ದರೆ ತೋರಿಸುತ್ತಾರೆ, ಕಾಲಿಗೆ ಒತ್ತಿಡಲು ಇನ್ನೊಂದು ದಿಂಬು ತರುತ್ತಾರೆ. ಕೊನೆಯದಾಗಿ, ಒಮ್ಮೆ ಒಪ್ಪಿದರೆ ಪೂರ್ತಿ ಒಪ್ಪುತ್ತಾರೆ. ಅರ್ಧ ಅತಿಥಿಯನ್ನಾಗಿ ಕೂರಿಸುವುದಕ್ಕಿಂತ ಕೂರಿಸದೆ ಇರುವುದು ಲೇಸು.

2019ರ ಡಿಸೆಂಬರಿನಲ್ಲಿ ಇಂಥದೊಂದು ಪ್ರಸಂಗ ಲೋಕದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನ್ಯೂಯಾರ್ಕಿನಿಂದ ಲಂಡನ್ನಿಗೆ ಹೊರಟಿದ್ದ ವರ್ಜಿನ್ ಅಟ್ಲಾಂಟಿಕ್ ವಿಮಾನದಲ್ಲಿ, ದಾದಿಯಾಗಿ ದುಡಿದು ನಿವೃತ್ತರಾಗಿದ್ದ 88 ವರ್ಷದ ವೃದ್ಧೆಯೊಬ್ಬರಿಗೆ, ಹಿಂದುಮುಂದಿನ ಪರಿಚಯವಿಲ್ಲದ ತರುಣನೊಬ್ಬ ತನ್ನ ಮೇಲಿನ ದರ್ಜೆಯ ಸೀಟನ್ನು ಬಿಟ್ಟುಕೊಟ್ಟ. ತಾನು ಶೌಚಾಲಯದ ಬಳಿಯ ಸಾಲಿನಲ್ಲಿ ಕುಳಿತು, ದಾರಿಯುದ್ದಕ್ಕೂ ಏನನ್ನೂ ಬೇಡಲಿಲ್ಲ. ಜನ ಆ ತರುಣನನ್ನು ಕೊಂಡಾಡಿದರು, ಅದು ಯೋಗ್ಯವೇ. ಆದರೆ ಅಲ್ಲಿ ಸಿಬ್ಬಂದಿಯ ಪಾತ್ರವೂ ಕಡಮೆಯದಲ್ಲ. ಅವರು ಅಜ್ಜಿಗೆ ಆ ದರ್ಜೆಯವರಿಗೆ ಕೊಡುವ ರಾತ್ರಿಯುಡುಪನ್ನೇ ಕೊಟ್ಟು, ಊಟವಾದ ಮೇಲೆ ಹಾಸಿಗೆ ಹಾಸಿ ಮಲಗಿಸಿದರು. ಮಗಳಿಗೆ ತೋರಿಸಬೇಕೆಂದು ಆಕೆ ಬಯಸಿದಾಗ ಜತೆಯಲ್ಲಿ ನಿಂತು ಚಿತ್ರ ತೆಗೆಸಿಕೊಂಡರು. ಕಂಪೆನಿಗೆ ಇದರಿಂದ ಆದ ನಷ್ಟವೇನು? ಒಂದು ಸೀಟಿಗೆ ಹಣ ಬಂದಿತ್ತು, ಒಂದು ಸೀಟಿನ ಸೇವೆ ನಡೆಯಿತು. ಟಿಕೆಟ್ಟು ತೆತ್ತವನು ಎರಡು ಕಡೆಯೂ ಉಣ್ಣದಿರುವವರೆಗೆ ಲೆಕ್ಕ ಸರಿಯಾಗಿಯೇ ಇರುತ್ತದೆ.

ಇಲ್ಲಿಯೇ ನಮ್ಮ ಕಡೆಯ ಕರ್ತವ್ಯವೂ ಬರುತ್ತದೆ. ಮಗ ಹಿಂದೆ ಕುಳಿತು ಊಟ ಮಾಡಿ, ಮತ್ತೆ ಮುಂದೆ ಹೋಗಿ ಹಣ್ಣಿನ ರಸ ಕೇಳಿ, ಮೊಮ್ಮಗು ಅಜ್ಜಿಯನ್ನು ನೋಡಬೇಕೆಂದು ಹಟ ಹಿಡಿದು, ಸೊಸೆ ಅದನ್ನೆತ್ತಿಕೊಂಡು ಹೋಗಿ, ಹೀಗೆ ಇಡೀ ಸಂಸಾರ ಪರದೆಯನ್ನು ಸರಿಸುತ್ತಾ ಸಂತೆ ಮಾಡಿದರೆ, ದುಬಾರಿ ಹಣ ತೆತ್ತು ನಿದ್ದೆ ಕೊಂಡಿರುವ ಪಕ್ಕದವರ ಗತಿಯೇನು? ಆದ್ದರಿಂದ ಕೇಳುವುದಾದರೆ ಮೊದಲೇ, ನಿಲ್ದಾಣದ ಕೌಂಟರಿನಲ್ಲಿ ಕೇಳತಕ್ಕದ್ದು. ಆಗಲಿಲ್ಲವಾದರೆ ವಿಮಾನ ಏರಿ ಸೀಟುಪಟ್ಟಿ ಬಿಗಿಯುವ ಸೂಚನೆ ಆರಿದ ಮೇಲೆ, ಸಿಬ್ಬಂದಿಯ ಮುಖ್ಯಸ್ಥರನ್ನು ಕೇಳತಕ್ಕದ್ದು. ಎದುರಿಗೆ ಸಿಕ್ಕ ಯಾರೋ ಒಬ್ಬರ ನಗುವನ್ನು ಅಪ್ಪಣೆಯೆಂದು ಭಾವಿಸತಕ್ಕದ್ದಲ್ಲ. ಒಪ್ಪಿಗೆ ದೊರೆತರೆ ಬದಲಾವಣೆ ಪೂರ್ತಿಯಾಗಿರಲಿ, ಇಳಿಯುವವರೆಗೂ ಹಾಗೆಯೇ ಇರಲಿ. ವಿಶೇಷ ಊಟ ಯಾರದೆಂದು ತಿಳಿಸಿರಿ. ಹಿರಿಯರ ಔಷಧಿ, ಕನ್ನಡಕ, ಪಾಸ್‌ಪೋರ್ಟು ಅವರ ಜತೆಯಲ್ಲಿಯೇ ಹೋಗಲಿ. ಸೀಟನ್ನು ಹಾಸಿಗೆ ಮಾಡುವ ಗುಂಡಿ ಯಾವುದು, ಕರೆಯುವ ಗುಂಡಿ ಯಾವುದು ಎಂದು ತೋರಿಸಿ ಬನ್ನಿ.

ಈಗ ಸೋದರಿಯ ಪ್ರಶ್ನೆಗೆ ಉತ್ತರ. ತಾಯಿಗೆ ಜಾಗ ಬಿಟ್ಟುಕೊಟ್ಟದ್ದು ತಪ್ಪಲ್ಲ. ಅಪ್ಪಣೆಯನ್ನು ಸ್ಪಷ್ಟವಾಗಿ ಪಡೆಯದೆ ಬಿಟ್ಟುಕೊಟ್ಟದ್ದು ತಪ್ಪು. ಮೊದಲನೆಯ ಗಗನಸಖಿ ಒಪ್ಪಿದ್ದರೆ ಎರಡನೆಯಾಕೆಗೆ ತಿಳಿಸಬೇಕಾಗಿತ್ತು. ಒಪ್ಪದಿದ್ದರೆ ಆಗಲೇ ಹೇಳಬೇಕಾಗಿತ್ತು. ಎರಡನೆಯಾಕೆ ನಿಯಮವನ್ನು ಹೇಳಿದ್ದು ತಪ್ಪಲ್ಲ. ನಾಲ್ಕು ಜನರ ಮುಂದೆ ವೃದ್ಧೆಯ ತಟ್ಟೆಯನ್ನು ಲೆಕ್ಕ ಹಾಕಿದ್ದು ಮಾತ್ರ ದೊಡ್ಡ ತಪ್ಪು. ಎಲ್ಲರ ಪಾಲನ್ನೂ ಹಂಚಿದ ಮೇಲೆ ಅದರ ಪಾಲೇ ಹೆಚ್ಚು ತೂಗುತ್ತದೆ.

ಆದರೆ ಪತ್ರದಲ್ಲಿ ಎಲ್ಲಿಯೂ ಕಾಣದ ಒಂದು ಮಾತಿದೆ. ಮುಂದೆ ಹೋಗಿ ಕೂರುತ್ತೀರಾ ಎಂದು ಆ ತಾಯಿಯನ್ನು ಯಾರಾದರೂ ಕೇಳಿದರೆ? ಭಾಷೆ ಬಾರದ ಕಡೆ ಒಬ್ಬರೇ ಹತ್ತು ಗಂಟೆ ಅಗಲವಾದ ಸೀಟಿನಲ್ಲಿ ಕೂರುವುದಕ್ಕಿಂತ, ಮಗ್ಗುಲಲ್ಲಿ ಮೊಮ್ಮಗುವಿನ ತಲೆ ಒರಗಿರುವ ಇಕ್ಕಟ್ಟೇ ಹಿತವೆನ್ನುವ ಹಿರಿಯರು ಎಷ್ಟೋ ಮಂದಿ. ಇಲ್ಲ, ಮಂಡಿ ಚಾಚಿದರೆ ಸಾಕು ಎನ್ನುವವರೂ ಉಂಟು. ಇನ್ನೊಮ್ಮೆ ಹೊರಡುವಾಗ ಅವರನ್ನು ಮನೆಯಲ್ಲಿಯೇ ಕೇಳಿಬಿಡಿ. ಅವರು ಹೂಂ ಎಂದರೆ, ಉಳಿದದ್ದನ್ನು ಕೌಂಟರಿನಲ್ಲಿ ಕೇಳೋಣ.