ಚುಚ್ಚೋ ಮುಂಚೆ ಹೇಳ್ರಿ

1985ರಲ್ಲಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಬಡ ಹೆಂಗಸರಿಗೆ ನೆಟ್-ಎನ್ ಎಂಬ ಗರ್ಭನಿರೋಧಕ ಇಂಜೆಕ್ಷನ್ ಚುಚ್ಚಲು ಹೊರಟರು. ಅದು ಪ್ರಯೋಗ ಅಂತ ಅವರಿಗೆ ಹೇಳಿರಲಿಲ್ಲ. ಸ್ತ್ರೀ ಶಕ್ತಿ ಸಂಘಟನಾದ ಹೆಂಗಸರು 1986ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು.

ಈಗ ಸರ್ಕಾರಿ ಆಸ್ಪತ್ರೆಯಲ್ಲಿ ‘ಅಂತರಾ’ ಎಂಬ ಬೇರೊಂದು ಇಂಜೆಕ್ಷನ್ ಪುಕ್ಕಟೆ, ಮೂರು ತಿಂಗಳಿಗೊಂದು. ಬೇಡ ಅಂತ ನಾವು ಹೇಳೋದಿಲ್ಲ. ಆದರೆ ಮುಟ್ಟು ಏರುಪೇರಾದೀತು, ನಿಂತೂ ಹೋದೀತು. ಮೂಳೆ ಸವೆದೀತು. ಬಿಟ್ಟ ಮೇಲೂ ಬಸಿರಾಗಲು ತಿಂಗಳುಗಟ್ಟಲೆ ತಡವಾದೀತು. ಸ್ತನ ಕ್ಯಾನ್ಸರ್, ವಿಪರೀತ ಬಿ.ಪಿ. ಇದ್ದವರಿಗೆ, ಕಾರಣ ತಿಳಿಯದೆ ರಕ್ತ ಹೋಗುತ್ತಿರುವವರಿಗೆ ಇದು ಕೂಡದು. ಲೈಂಗಿಕ ರೋಗವನ್ನೂ ಇದು ತಡೆಯದು. ಅದಕ್ಕೆ ನಿರೋಧ್ ಬೇಕು.

ಓದು ಬಾರದವಳಿಗೆ ಹೇಳಿ ಏನು ಪ್ರಯೋಜನ ಅನ್ನೋ ಡಾಕ್ಟರೇ, ಮೈ ಅವಳದು. ಅಕ್ಕತಂಗಿಯರೇ, ತೋಳು ಒಡ್ಡೋ ಮುಂಚೆ ಕೇಳಿ. ಗದರಿದರೆ, ನಾಲ್ಕು ಜನ ಸೇರಿ ಹೋಗಿ ಕೇಳಿ.